ಮೇಂಟೆನೆನ್ಸ್ ಕಡಿಮೆ ಅಂತ ಸಮಾಧಾನ ಪಡಬೇಡ

ಪ್ರೀತಿಯ ಗೆಳೆಯಾ,

ಸಾಲ ತೀರಿತು, ಮನೆ ಸ್ವಂತದ್ದು, ಇನ್ನು ಪಿಂಚಣಿಯಲ್ಲಿ ಆರಾಮಾಗಿ ಇರಬಹುದು ಅಂತ ಬರೆದಿದ್ದೀಯ. ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದ್ದೀಯ: ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಎಷ್ಟೋ ವರ್ಷದಿಂದ ಮೇಂಟೆನೆನ್ಸ್ ಏರಿಸಿಲ್ಲ ಅಂತ. ನನಗೆ ಭಯ ಹುಟ್ಟಿಸಿದ್ದು ಅದೇ.

ಶುಲ್ಕ ಏರಿಲ್ಲ ಅಂದರೆ ಖರ್ಚೂ ಏರಿಲ್ಲ ಅಂತ ಅಲ್ಲವಲ್ಲ. ಕಾವಲಿನವರ ಸಂಬಳ, ಕರೆಂಟು, ಲಿಫ್ಟ್ ಸರ್ವಿಸ್ ಎಲ್ಲ ಜಾಸ್ತಿ ಆಗಿರುತ್ತದೆ. ಹಾಗಾದರೆ ಯಾವುದೋ ರಿಪೇರಿ ಮುಂದಕ್ಕೆ ಹೋಗುತ್ತಿದೆ, ಇಲ್ಲವೇ ಸಿಂಕಿಂಗ್ ಫಂಡ್‌ಗೆ, ಅಂದರೆ ಮುಂದೆ ಬರುವ ದೊಡ್ಡ ಖರ್ಚಿಗೆ ಎಲ್ಲರೂ ಸೇರಿ ಕೂಡಿಡುವ ನಿಧಿಗೆ, ಹಣ ಬೀಳುತ್ತಿಲ್ಲ.

ಲಿಫ್ಟನ್ನೇ ತಗೋ. ಅದರ ಬಾಳಿಕೆ ಸುಮಾರು 20ರಿಂದ 25 ವರ್ಷ. 20 ಅಂತಲೇ ಇಟ್ಟುಕೊಂಡರೆ ಹೊಸ ಲಿಫ್ಟಿನ ಬೆಲೆಯಲ್ಲಿ ವರ್ಷಕ್ಕೆ ಶೇ 5ರಷ್ಟು ಎತ್ತಿಡಬೇಕು. 15 ವರ್ಷಕ್ಕೆ ಶೇ 75 ಕೂಡಿರಬೇಕು. ಕೂಡಿರೋದು ಶೇ 30 ಮಾತ್ರ ಆದರೆ, ಉಳಿದ 70 ಐದೇ ವರ್ಷದಲ್ಲಿ ಬರಬೇಕು. ಅಂದರೆ ವರ್ಷಕ್ಕೆ 14, ಹೆಚ್ಚುಕಡಿಮೆ ಮೂರು ಪಟ್ಟು. ಸಂಬಳ ಬರುತ್ತಿದ್ದಾಗ ಸುಲಭವಾಗಿ ಕಟ್ಟಬಹುದಾಗಿದ್ದ ದುಡ್ಡು, ಸಂಬಳ ನಿಂತ ಮೇಲೆ ಒಟ್ಟಿಗೆ ಬಂದು ತಲೆ ಮೇಲೆ ಕೂರುತ್ತದೆ.

ಮುಂದೂಡಿದ ಕೆಲಸ ಇದಕ್ಕಿಂತ ಕೆಟ್ಟದ್ದು. ಒಮ್ಮೆ ನಿಮ್ಮ ಟೆರೇಸಿಗೆ ಹೋಗಿ ನೋಡು. ಕೂದಲೆಳೆಯಷ್ಟು ಬಿರುಕು, ಅದರ ಕೆಳಗಿನ ಮಹಡಿಯ ಚಾವಣಿಯಲ್ಲಿ ಕಂದು ಬಣ್ಣದ ಕಲೆ ಇದ್ದರೆ ಸುಮ್ನೆ ಬಿಡಬೇಡ. ನೀರು ಒಳಗಿನ ಕಬ್ಬಿಣದ ಸರಳನ್ನು ಮುಟ್ಟಿರಬಹುದು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬುತ್ತಾ ಒಳಗಿನಿಂದಲೇ ಕಾಂಕ್ರೀಟನ್ನು ಒಡೆಯುತ್ತದೆ, ಬಿರುಕು ಅಗಲವಾಗುತ್ತದೆ, ಇನ್ನಷ್ಟು ನೀರು ಇಳಿಯುತ್ತದೆ. ಮೊದಲೇ ವಾಟರ್‌ಪ್ರೂಫಿಂಗ್ ಮಾಡಿಸಿದ್ದರೆ ಮುಗಿಯುತ್ತಿದ್ದ ಕೆಲಸ, ಆಮೇಲೆ ಕಾಂಕ್ರೀಟ್ ಒಡೆದು, ಸರಳು ಉಜ್ಜಿ, ಮತ್ತೆ ತುಂಬುವವರೆಗೆ ಹೋಗುತ್ತದೆ.

ನಿವೃತ್ತರಾದ ನಾವೇ ಸಭೆಯಲ್ಲಿ ಎದ್ದು ನಿಂತು ‘ಏರಿಸಬೇಡಿ’ ಅನ್ನುತ್ತೇವೆ. ಅದು ನಮಗೇ ಹೊಡೆತ. ವರ್ಷ ವರ್ಷ ಸ್ವಲ್ಪ ಏರಲಿ ಅಂತ ಕೇಳಬೇಕಾದವರು ನಾವು. ಸಣ್ಣ ಏರಿಕೆಗೆ ತಯಾರಿ ಮಾಡಿಕೊಳ್ಳಬಹುದು, ದಿಢೀರನೆ ಬರುವ ದೊಡ್ಡ ಬಿಲ್ಲಿಗೆ ಆಗೋದಿಲ್ಲ.

ಇನ್ನು ನಿನ್ನ ಲೆಕ್ಕ. ಶುಲ್ಕ ವರ್ಷಕ್ಕೆ ಶೇ 6 ಏರಿದರೆ 12 ವರ್ಷಕ್ಕೆ ಎರಡು ಪಟ್ಟು. ನಿನ್ನ 60ನೇ ವಯಸ್ಸಿನಲ್ಲಿ 100 ಇದ್ದದ್ದು 72ಕ್ಕೆ 200, 84ಕ್ಕೆ 400. ಪಿಂಚಣಿ ಅಷ್ಟು ಏರುತ್ತದಾ? ಏರದಿದ್ದರೆ ವ್ಯತ್ಯಾಸ ತುಂಬಲು ಈಗಲೇ ಒಂದು ಗಂಟು ಬೇರೆ ಇಡು. ಆಸ್ಪತ್ರೆ ಖರ್ಚಿನ ದುಡ್ಡಿಗೆ ಅದನ್ನು ಸೇರಿಸಬೇಡ. ಮನೆಯೊಳಗಿನ ರಿಪೇರಿ ಪೂರ್ತಿ ನಿನ್ನದೇ. ಅದಕ್ಕೆ ವರ್ಷಕ್ಕೆ ಮನೆ ಬೆಲೆಯ ಶೇ 1 ಅಂತ ಹೇಳೋದು ವಾಡಿಕೆ. ಆದರೆ ನೆಲದ ಬೆಲೆ ಬಿಟ್ಟು ಕಟ್ಟಡದ್ದನ್ನಷ್ಟೇ ಹಿಡಿ. ಸೋರುವುದು ಕಟ್ಟಡ, ನೆಲವಲ್ಲ.

ರಿವರ್ಸ್ ಮಾರ್ಟ್‌ಗೇಜ್ ಬಗ್ಗೆ, ಅಂದರೆ ಇರುವ ಮನೆಯನ್ನೇ ಅಡವಿಟ್ಟು ಅಲ್ಲೇ ವಾಸ ಮಾಡುತ್ತಾ ಬ್ಯಾಂಕಿನಿಂದ ದುಡ್ಡು ಪಡೆಯೋದರ ಬಗ್ಗೆ, ಕೇಳಿದ್ದೀಯಲ್ಲ. ಕೈಗೆ ದುಡ್ಡು ಬರುತ್ತದೆ, ನಿಜ. ಆದರೆ ಮನೆಯನ್ನು ಸರಿಯಾಗಿ ಇಟ್ಟುಕೊಳ್ಳುವ, ತೆರಿಗೆ ಕಟ್ಟುವ ಹೊಣೆ ಸಾಮಾನ್ಯವಾಗಿ ನಿನ್ನ ಮೇಲೇ ಇರುತ್ತದೆ. ಹಾಗಾಗಿ ಮೇಂಟೆನೆನ್ಸ್ ತಪ್ಪಿಸಿಕೊಳ್ಳುವ ದಾರಿ ಅದಲ್ಲ. ನಿಭಾಯಿಸೋಕೆ ಆಗಲ್ಲ ಅನ್ನಿಸಿದರೆ ಚಿಕ್ಕ ಮನೆಗೆ ಹೋಗೋದೇ ವಾಸಿ, ಅದೂ ಮೈಯಲ್ಲಿ ಶಕ್ತಿ ಇರುವಾಗ. ಬಾಕಿ ಬೆಳೆದು, ಗಡಿಬಿಡಿಯಲ್ಲಿ ಮಾರಬೇಕಾಗಿ ಬಂದರೆ ಕೊಳ್ಳುವವನು ಹೇಳಿದ್ದೇ ಬೆಲೆ.

ಈ ವಾರ ಒಂದು ಕೆಲಸ ಮಾಡ್ತೀಯಾ? ನಿಮ್ಮ ಅಸೋಸಿಯೇಷನ್‌ನಿಂದ ಹಿಂದಿನ ಮೂರು ವರ್ಷದ ಲೆಕ್ಕಪತ್ರ ಕೇಳಿ ತಗೋ. ಸಿಂಕಿಂಗ್ ಫಂಡ್ ಎಷ್ಟಿದೆ, ಅದು ಬೇರೆ ಖಾತೆಯಲ್ಲಿದೆಯಾ, ಶುಲ್ಕ ಕಟ್ಟದೆ ಉಳಿಸಿಕೊಂಡವರ ಬಾಕಿ ಎಷ್ಟು, ಲಿಫ್ಟಿಗೂ ಪಂಪಿಗೂ ಎಷ್ಟು ವಯಸ್ಸಾಗಿದೆ, ಇಷ್ಟು ನೋಡು. ಕೊಡಲು ಹಿಂದೆಮುಂದೆ ನೋಡಿದರೆ ಬರವಣಿಗೆಯಲ್ಲಿ ಕೇಳು. ಸಿಕ್ಕ ತಕ್ಷಣ ನನಗೂ ಕಳಿಸು, ಇಬ್ಬರೂ ಕೂತು ನೋಡೋಣ.

ಇಂತಿ,
ನಿನ್ನ ಗೆಳೆಯ