ಬಳ್ಳಿ ಕೀಳಬೇಡ, ಕತ್ತರಿ ಹಾಕು

ಉಮದಿ, ಜತ್ತ ತಾಲೂಕು

ಚಿರಂಜೀವಿ ಮಗಳಿಗೆ ದೊಡ್ಡವ್ವನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲಿಯ ಸುದ್ದಿ ಬರೆಯುತ್ತಿರು.

ನೀನು ಕಳಿಸಿದ ಫೋಟೋ ನೋಡಿದೆ. ಸೊಲ್ಲಾಪುರದ ಈ ಬಿಸಿಲಲ್ಲೂ ಅಂಗಳದ ಚಪ್ಪರ ಹಚ್ಚಗೆ ತುಂಬಿಕೊಂಡಿದೆ, ಗೊಂಚಲು ಮಾತ್ರ ಒಂದೂ ಇಲ್ಲ. ಮೂರು ವರ್ಷ ಆಯ್ತು, ದ್ರಾಕ್ಷಿ ಕಿತ್ತು ಮಲ್ಲಿಗೆ ಹಚ್ಚಲಾ ಅಂತ ಕೇಳಿದ್ದೀಯ. ಬೇಡ. ಮನೆಗೆ ಬಂದವರು ಯಾರೋ ಅದನ್ನು ಬಂಜೆ ಬಳ್ಳಿ ಅಂದರಂತೆ. ಆ ಮಾತೇ ನನಗೆ ಸೇರುವುದಿಲ್ಲ, ಗಿಡದ ಬಗ್ಗೆ ಆಡಿದರೂ ಸೇರುವುದಿಲ್ಲ. ನಿನ್ನ ಬಳ್ಳಿಗೆ ಏನೂ ಆಗಿಲ್ಲ. ಇಷ್ಟು ದಿನ ಅದಕ್ಕೆ ಯಾರೂ ಸರಿಯಾಗಿ ಕತ್ತರಿ ಹಾಕಿಲ್ಲ, ಅಷ್ಟೇ. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಮರೆಯುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ದ್ರಾಕ್ಷಿ ಮೂಲದಲ್ಲಿ ಚಳಿ ದೇಶದ ಬಳ್ಳಿ. ಅಲ್ಲಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದೆ, ಬಿಸಿಲು ಬಂದಾಗ ಚಿಗುರಿ ಹೂ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ನಿದ್ದೆಯೇ ಇಲ್ಲ. ಬಿಟ್ಟರೆ ಹನ್ನೆರಡು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಇಲ್ಲಿ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿಗೆ ಕತ್ತರಿ ಹಾಕುವುದು. ಏಪ್ರಿಲಿನದು ಖರಡ್ ಚಾಟ್ನಿ, ಅಕ್ಟೋಬರಿನದು ಹಣ್ಣಿನ ಚಾಟ್ನಿ. ಎಲ್ಲರಿಗೂ ಅಕ್ಟೋಬರಿನದು ನೆನಪಿರುತ್ತದೆ, ಯಾಕೆಂದರೆ ಗೊಂಚಲು ಅದರ ಹಿಂದೆಯೇ ಬರುತ್ತದೆ. ಆದರೆ ಬರುವ ಫೆಬ್ರವರಿಯಲ್ಲಿ ನೀನು ತಿನ್ನುವ ಗೊಂಚಲು ಈ ಮೇ, ಜೂನಿನಲ್ಲೇ ಕಡ್ಡಿಯ ಕಣ್ಣಿನೊಳಗೆ, ಅಂದರೆ ಚಿಗುರೊಡೆಯುವ ಮೊಗ್ಗಿನೊಳಗೆ ಕಟ್ಟುತ್ತದೆ. ನಮಗೆ ಕಾಣುವುದಿಲ್ಲ. ಆಗ ಕಟ್ಟದಿದ್ದರೆ ಅಕ್ಟೋಬರಿನಲ್ಲಿ ನೀನು ಏನು ಮಾಡಿದರೂ ಬರೀ ಎಲೆಯೇ.

ಯುಗಾದಿ ಹೋಳಿಗೆ ಉಂಡು ಮುಗಿಸು. ಆಮೇಲೆ ಏಪ್ರಿಲ್ ಮೊದಲ ಎರಡು ವಾರದೊಳಗೆ ಒಂದು ಬೆಳಿಗ್ಗೆ ಶುರು ಮಾಡು. ಮೊದಲು ಬಳ್ಳಿಯ ಆಕಾರ ನೋಡು. ನಿನ್ನದು ಬುಡದಿಂದಲೇ ನಾಲ್ಕು ಕಾಂಡವಾಗಿ ಎದ್ದಿದೆ. ಗಟ್ಟಿಯಾದ ಒಂದೇ ಕಾಂಡ ಚಪ್ಪರ ಮುಟ್ಟಲಿ, ಉಳಿದದ್ದು ತೆಗೆ. ಚಪ್ಪರದ ಮೇಲೆ ಅದಕ್ಕೆ ಎರಡು ತೋಳು ಇರಲಿ, ಎಡಕ್ಕೊಂದು ಬಲಕ್ಕೊಂದು. ತೋಟದವರು ಅದನ್ನು ಓಲಾಂಡಾ ಅನ್ನುತ್ತಾರೆ. ಆ ತೋಳಿನಿಂದ ಎದ್ದ ಕಡ್ಡಿಗಳನ್ನೆಲ್ಲ ಒಂದೊಂದೇ ಕಣ್ಣು ಬಿಟ್ಟು ಕತ್ತರಿಸು. ಹೌದು, ಎಲ್ಲಾ. ಚಪ್ಪರ ಬೋಳಾಗುತ್ತದೆ. ಹಸಿರು ಬಳ್ಳಿಗೆ ಕತ್ತರಿ ಹಾಕಬಾರದು ಅಂತ ಮನೆಯಲ್ಲಿ ಯಾರಾದರೂ ಅಡ್ಡ ಬಂದರೆ, ದೊಡ್ಡವ್ವ ಹೇಳಿದ್ದಾಳೆ ಅನ್ನು. ಅಂಗಳಕ್ಕೆ ತಿಂಗಳೊಪ್ಪತ್ತು ನೆರಳಿಲ್ಲದೆ ಹೋದರೆ ಹೋಗಲಿ ಬಿಡು.

ಕತ್ತರಿಸಿದ ತುದಿಯಿಂದ ನೀರು ತೊಟ್ಟಿಕ್ಕುವುದು ನೋಡಿ ಗಾಬರಿ ಆಗಬೇಡ. ಬೇರು ಮೇಲಕ್ಕೆ ಒತ್ತುವ ನೀರು ಅದು, ತಾನಾಗೇ ನಿಲ್ಲುತ್ತದೆ. ನಿಮ್ಮಲ್ಲಿ ಏಪ್ರಿಲ್ ಬಿಸಿಲು ಕೇಳಬೇಕೇ. ಬೋಳು ತೋಳಿನ ಮೇಲೆ ಬೆಳಿಗ್ಗೆ, ಸಂಜೆ ಒಂದಿಷ್ಟು ನೀರು ಚಿಮುಕಿಸು, ಕಣ್ಣು ಸಮನಾಗಿ ಒಡೆಯುತ್ತದೆ.

ಚಿಗುರು ಬಂದ ಮೇಲಿನ ಕೆಲಸದಲ್ಲೇ ಮನೆಯಲ್ಲಿ ಬೆಳೆಸುವವರು ಸೋಲುವುದು. ಒಂದು ಕಣ್ಣಿನಿಂದ ಎರಡು ಮೂರು ಚಿಗುರು ಬರುತ್ತವೆ. ನೋಡಲು ಚೆನ್ನಾಗಿರುತ್ತವೆ ಅಂತ ಎಲ್ಲ ಬಿಡುತ್ತಾರೆ. ತೋಳಿನ ಒಂದು ಅಡಿಗೆ ಮೂರು, ಜಾಸ್ತಿ ಅಂದರೆ ನಾಲ್ಕು ಚಿಗುರು ಇಟ್ಟುಕೊಂಡು ಉಳಿದದ್ದನ್ನು ಎಳೆಯದಾಗಿರುವಾಗಲೇ ಉಗುರಿನಿಂದ ಚಿವುಟು. ಕಡ್ಡಿಯ ಕಣ್ಣಿಗೆ ನೇರ ಬಿಸಿಲು ಬಿದ್ದರೇನೇ ಒಳಗೆ ಗೊಂಚಲು ಕಟ್ಟುವುದು. ನೆರಳಲ್ಲಿ ಬೆಳೆದ ಕಣ್ಣಿನಿಂದ ಗೊಂಚಲಿನ ಜಾಗದಲ್ಲಿ ಬಾಳಿ ಬರುತ್ತದೆ. ಬಾಳಿ ಅಂದರೆ ತಂತಿಗೆ ಸುತ್ತಿಕೊಳ್ಳುವ ಆ ಸುರುಳಿ. ನಾಳೆ ಬೆಳಿಗ್ಗೆ ಒಂದು ಕಡ್ಡಿ ಹಿಡಿದು ನೋಡು, ಬಾಳಿ ಯಾವಾಗಲೂ ಎಲೆಯ ಎದುರು ಬದಿಗೇ ಇರುತ್ತದೆ. ಗೊಂಚಲು ಬರುವುದೂ ಅದೇ ಜಾಗದಲ್ಲಿ. ಎರಡರ ಮೂಲವೂ ಒಂದೇ. ಬಿಸಿಲು, ಆಹಾರ ಸಿಕ್ಕರೆ ಗೊಂಚಲು, ಸಿಗದಿದ್ದರೆ ಬಾಳಿ. ಕೆಲವು ಸಲ ಬಾಳಿಯ ತುದಿಯಲ್ಲಿ ನಾಲ್ಕೇ ನಾಲ್ಕು ಕಾಯಿ ಕಟ್ಟಿರುತ್ತವೆ. ಗೊಂಚಲಾಗಲು ಹೊರಟು ಅರ್ಧಕ್ಕೇ ನಿಂತದ್ದು ಅದು.

ಚಿಗುರು ಏಳೆಂಟು ಎಲೆ ಆದಾಗ ಏಳನೇ ಎಲೆಯ ಮೇಲೆ ತುದಿ ಚಿವುಟು. ಆಗ ಅಲ್ಲಿಂದ ಹೊಸ ಕವಲು ಹೊರಡುತ್ತದೆ, ಅದಕ್ಕೆ ಸಬ್ ಕೇನ್ ಅನ್ನುತ್ತಾರೆ. ಎರಡೂ ಸೇರುವಲ್ಲಿ ಒಂದು ಗಂಟು ಬೀಳುತ್ತದೆ. ಆ ಗಂಟಿನ ಅಕ್ಕಪಕ್ಕದ ಕಣ್ಣುಗಳಲ್ಲೇ ಗೊಂಚಲು ಜಾಸ್ತಿ. ಅಕ್ಟೋಬರಿಗೆ ಈ ಗಂಟು ಬೇಕು, ನೆನಪಿಟ್ಟುಕೋ.

ಇನ್ನು ನೀರು. ಚಾಟ್ನಿ ಆಗಿ ಸುಮಾರು ನಲವತ್ತನೇ ದಿನದಿಂದ ಎಪ್ಪತ್ತನೇ ದಿನದವರೆಗೆ ನೀರು ಕಡಿಮೆ ಮಾಡು. ಪೂರ್ತಿ ನಿಲ್ಲಿಸಬೇಡ. ಎಲೆ ಬಾಡಬಾರದು, ಆದರೆ ತುದಿಯ ಓಟ ನಿಲ್ಲಬೇಕು. ಬೆಳೆಯುವ ಹುರುಪಿನಲ್ಲಿರುವ ಬಳ್ಳಿ ಗೊಂಚಲಿನ ಯೋಚನೆ ಮಾಡುವುದಿಲ್ಲ. ಆ ದಿನಗಳಲ್ಲಿ ಯೂರಿಯಾ ಅಂತೂ ಮುಟ್ಟಲೇ ಬೇಡ. ನೀನು ತಿಂಗಳಿಗೊಮ್ಮೆ ಸಗಣಿ ನೀರು ಹಾಕುತ್ತೇನೆ ಅಂದಾಗಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಚಾಟ್ನಿ ಹೊತ್ತಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಬೊಗಸೆ ಬೇವಿನ ಹಿಂಡಿ ಕೊಡು. ಸಾಕು.

ಫೋಟೋದಲ್ಲಿ ಹಳೇ ಎಲೆಗಳ ಅಂಚು ಕಂದಾಗಿ ಸುಟ್ಟಿರುವುದೂ ಕಂಡಿತು. ಅದು ರೋಗವಲ್ಲ, ಉಪ್ಪು. ನಿಮ್ಮ ಬೋರಿನ ನೀರು ಸವಳು. ಅದರ ಮೇಲೆ ಫಿಲ್ಟರಿನಿಂದ ಹೊರಗೆ ಬರುವ ನೀರನ್ನೂ ಬಳ್ಳಿಗೇ ಬಿಡುತ್ತಿದ್ದೀಯ ಅಂತ ನಿನ್ನ ಮಗ ಹೇಳಿದ. ಒಳ್ಳೆ ನೀರು ನಿಮ್ಮ ಕೊಡಕ್ಕೆ ಹೋಗಿ, ಉಪ್ಪೆಲ್ಲ ಆ ಪೈಪಿನಲ್ಲಿ ಬರುತ್ತದೆ. ಅದನ್ನು ಅಂಗಳ ತೊಳೆಯಲು ಇಟ್ಟುಕೋ. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಬುಡಕ್ಕೆ ತಿರುಗಿಸು, ಉಪ್ಪು ಕೆಳಗೆ ತೊಳೆದು ಹೋಗುತ್ತದೆ. ತೋಟಗಳಲ್ಲಿ ಈ ಕಾರಣಕ್ಕೇ ಡಾಗ್ರಿಡ್ಜ್ ಅನ್ನುವ ಕಾಡು ಬೇರಿನ ಮೇಲೆ ಕಸಿ ಕಟ್ಟುತ್ತಾರೆ. ಅದು ಉಪ್ಪು, ಬರ ಎರಡನ್ನೂ ಸ್ವಲ್ಪ ತಡೆಯುತ್ತದೆ. ನಿನಗೆ ನರ್ಸರಿಯವನು ಕಸಿ ಅಂತ ಹೇಳಿ ಕಡ್ಡಿ ಬೇರು ಬಿಟ್ಟ ಸಾದಾ ಸಸಿಯನ್ನೇ ಕೊಟ್ಟಿದ್ದಾನೆ. ಬುಡದಲ್ಲಿ ಕಸಿಯ ಗುರುತೇ ಇಲ್ಲ. ಇರಲಿ, ಮನೆಯ ಒಂದು ಬಳ್ಳಿಗೆ ನಡೆಯುತ್ತದೆ.

ದ್ರಾಕ್ಷಿಯ ಜಾತಿ ಯಾವುದು ಅಂತ ನೀನು ಕೇಳಿದ್ದೆ. ಎಲೆ ನೋಡಿ ನಾನು ಹೇಳಲಾರೆ. ನರ್ಸರಿಯವನು ಹೇಳಿದಂತೆ ಸೋನಾಕಾ ಆದರೆ ಅದು ನಿಮ್ಮೂರಿನದೇ ಅನ್ನು. ಸೊಲ್ಲಾಪುರದ ಹತ್ತಿರ ನಾನ್ನಜ್‌ನಲ್ಲಿ ನಾನಾಸಾಹೇಬ ಕಾಳೆ ಅನ್ನುವ ರೈತರು ತಮ್ಮ ತೋಟದಲ್ಲೇ ಆರಿಸಿ ಬೆಳೆಸಿದ ಜಾತಿ. ಕಪ್ಪು ಬಣ್ಣದ ಶರದ್ ಸೀಡ್‌ಲೆಸ್ ಕೂಡ ಅವರದೇ. ಜನ ನಾನ್ನಜ್‌ಗೆ ಮಾಳಢೋಕ ಅನ್ನುವ ದೊಡ್ಡ ಹಕ್ಕಿ ನೋಡಲು ಹೋಗುತ್ತಾರೆ, ದ್ರಾಕ್ಷಿಯ ವಿಷಯ ಗೊತ್ತಿರುವುದಿಲ್ಲ.

ಈಗ ಅಕ್ಟೋಬರಿನ ಮಾತು. ದಸರಾ ಮುಗಿದು ಮಳೆ ಹಿಂದೆ ಸರಿದ ಮೇಲೆ ಕತ್ತರಿ ಹಿಡಿ. ಅವಸರ ಮಾಡಿದರೆ ಚಿಗುರು ಮಳೆಗೆ ಸಿಗುತ್ತದೆ. ಅದಕ್ಕೆ ಒಂದು ವಾರ, ಹತ್ತು ದಿನ ಮೊದಲು ನೀರು ನಿಲ್ಲಿಸಿ, ಎಲೆಗಳನ್ನು ಕೈಯಿಂದಲೇ ಬಿಡಿಸಿ ಹಾಕು. ಕಣ್ಣುಗಳು ಉಬ್ಬಲು ಶುರುವಾಗುತ್ತವೆ. ಆಮೇಲೆ ಆ ಗಂಟಿನ ಮುಂದೆ ಒಂದೋ ಎರಡೋ ಕಣ್ಣು ಬಿಟ್ಟು ಕತ್ತರಿಸು. ಏಪ್ರಿಲಿನ ಹಾಗೆ ಬುಡಕ್ಕೆ ಕತ್ತರಿಸಿದೆಯೋ, ಗೊಂಚಲೆಲ್ಲ ಕಸದ ಬುಟ್ಟಿಗೆ ಹೋಯಿತು. ಪೆನ್ಸಿಲಿಗಿಂತ ತೆಳ್ಳಗಿರುವ ಕಡ್ಡಿಯಿಂದ ಏನೂ ನಿರೀಕ್ಷೆ ಬೇಡ.

ತೋಟದವರು ಕಣ್ಣು ಒಟ್ಟಿಗೆ ಒಡೆಯಲಿ ಅಂತ ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ಯಾರಾದರೂ ಒಂದು ಬಾಟಲಿ ತಂದು ಕೊಟ್ಟರೆ ತಿರುಗಿ ಕೊಡು. ಅದು ವಿಷ, ಚರ್ಮ ಸುಡುತ್ತದೆ. ಮಕ್ಕಳಿರುವ ಅಂಗಳಕ್ಕೆ ಅದು ಬರಬಾರದು. ನಿನ್ನಲ್ಲಿ ನಾಲ್ಕು ಕಣ್ಣು ಹಿಂದೆ ಮುಂದೆ ಒಡೆದರೆ ಯಾರಿಗೂ ನಷ್ಟವಿಲ್ಲ. ಕಾಳು ದಪ್ಪ ಮಾಡುವ ಜಿಎ ಅನ್ನುವ ಹಾರ್ಮೋನು ಕೂಡ ಬೇಡ. ಅಂಗಡಿಯ ದ್ರಾಕ್ಷಿಗಿಂತ ಸಣ್ಣದಾಗುತ್ತದೆ, ರುಚಿಗೆ ಏನೂ ಕೊರತೆ ಇಲ್ಲ.

ಕಣ್ಣು ಒಡೆಯುವ ವಾರ ಉಡದ್ಯಾ ಹುಳ ಬರುತ್ತದೆ. ಕಂಚಿನ ಬಣ್ಣದ ಸಣ್ಣ ದುಂಬಿ. ಉಬ್ಬಿದ ಕಣ್ಣನ್ನೇ ಕೊರೆದು ತಿನ್ನುತ್ತದೆ, ವರ್ಷದ ಫಸಲೇ ಹೋಗುತ್ತದೆ. ಬೆಳಕು ಹರಿಯುವ ಮೊದಲು ಚಪ್ಪರದ ಕೆಳಗೆ ಹಳೇ ಬಿಳಿ ಹಾಸಿಗೆ ವಸ್ತ್ರ ಹಾಸಿ ಬಳ್ಳಿ ಅಲುಗಿಸು. ಸತ್ತ ಹಾಗೆ ನಟಿಸುತ್ತಾ ಪಟಪಟ ಬೀಳುತ್ತವೆ. ಸಾಬೂನಿನ ನೀರಿಗೆ ಹಾಕು.

ರೋಗಕ್ಕೆ ಹೆದರಿ ಕಂಡ ಕಂಡ ಔಷಧಿ ಹೊಡೆಯಬೇಡ. ಎರಡನ್ನು ಗುರುತಿಸಲು ಕಲಿತರೆ ಸಾಕು. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಮಚ್ಚೆ, ಅದೇ ಜಾಗದ ಹಿಂಬದಿಯಲ್ಲಿ ಬಿಳಿ ನೂಲಿನಂಥ ಬೂಷ್ಟು ಇದ್ದರೆ ಡೌನಿ ರೋಗ. ಮೋಡ, ತುಂತುರು, ಇಬ್ಬನಿ ಇದ್ದಾಗ ಬರುತ್ತದೆ. ಹೂವಿನ ಹೊತ್ತಿಗೆ ಬಂದರೆ ಗೊಂಚಲೇ ಕರಗಿ ಹೋಗುತ್ತದೆ. ಇದಕ್ಕೆ ಚಾಟ್ನಿ ಆದ ಕೂಡಲೇ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸು. ಒಂದು ಲೀಟರಿಗೆ ಮೈಲುತುತ್ತು 10 ಗ್ರಾಂ, ಸುಣ್ಣ 10 ಗ್ರಾಂ. ಬೇರೆ ಬೇರೆ ಪ್ಲಾಸ್ಟಿಕ್ ಬಕೆಟಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿ. ಕಬ್ಬಿಣದ ಚಾಕು ಅದ್ದಿ ನೋಡು. ತುದಿ ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು. ಎಳೆ ಎಲೆ ಬಂದ ಮೇಲೆ ಅರ್ಧ ಕಡುಪು ಸಾಕು. ಇನ್ನೊಂದು ಬೂದಿ ರೋಗ, ಎಲೆ ಕಾಯಿ ಮೇಲೆ ಬೂದಿ ಎರಚಿದ ಹಾಗೆ. ಅದಕ್ಕೆ ನೀರಲ್ಲಿ ಕರಗುವ ಗಂಧಕ, ತಂಪು ಹೊತ್ತಿನಲ್ಲಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಕಾಯಿಗೆ ನೀರು ಇಳಿದು ಮೆತ್ತಗಾದ ಮೇಲೆ ಯಾವುದೂ ಬೇಡ.

ನವೆಂಬರ್ ಕೊನೆಗೋ ಡಿಸೆಂಬರಿಗೋ ಬರುವ ಗುಡ್ಡಾಪುರ ದಾನಮ್ಮನ ಜಾತ್ರೆ ಹೊತ್ತಿಗೆ ಹೂವು ಕಳೆದು ಕಾಯಿ ಸಜ್ಜೆ ಕಾಳಿನಷ್ಟಾಗಿರಬೇಕು. ಆಮೇಲೆ ಜೋಳದ ಕಾಳು, ಆಮೇಲೆ ಕಡಲೆ ಕಾಳು. ತೋಟದವರು ಹೀಗೇ ಲೆಕ್ಕ ಹಿಡಿಯುತ್ತಾರೆ. ಈ ನಡುವೆ ಮಾಡುವ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ, ವಿರಳಣಿ. ಗೊಂಚಲನ್ನು ಅಂಗೈಯಲ್ಲಿ ಹಿಡಿದು, ಸಣ್ಣ ಕತ್ತರಿಯ ಮೂತಿ ಒಳಗೆ ತೂರಿಸಿ, ಒಂದಕ್ಕೊಂದು ತಾಗುವ ಕಾಳುಗಳನ್ನು ತೆಗೆಯುವುದು. ಹೆಬ್ಬೆರಳಿಂದ ಕಾಳನ್ನು ತಿಕ್ಕಬಾರದು, ಕಲೆ ಉಳಿಯುತ್ತದೆ. ತುದಿಯ ಬಾಲ ಸ್ವಲ್ಪ ಕತ್ತರಿಸು. ಗೊಂಚಲು ಅಲುಗಿಸಿದರೆ ಕಾಳುಗಳು ಆಡಬೇಕು, ಅಷ್ಟು ಸಡಿಲ ಇರಬೇಕು. ಮೂರರಲ್ಲಿ ಒಂದು ಕಾಳು ಹೋಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ. ತೆಗೆಯದಿದ್ದರೆ ಒತ್ತಿಕೊಂಡು ಒಳಗಿನವು ಒಡೆದು ಕೊಳೆಯುತ್ತವೆ, ಹುಳಿ ವಾಸನೆಗೆ ಕಣಜ ಬರುತ್ತವೆ. ಈ ಕೆಲಸಕ್ಕೆ ನಮ್ಮೂರ ಹೆಣ್ಣುಮಕ್ಕಳ ಕೈ ಎಷ್ಟು ಚುರುಕು ಗೊತ್ತಾ. ಕೂಲಿ ಮಾತ್ರ ಔಷಧಿ ಹೊಡೆಯುವ ಗಂಡಸರಿಗೇ ಜಾಸ್ತಿ.

ಒಂದು ಕಡ್ಡಿಗೆ ಒಂದೇ ಗೊಂಚಲು, ಅದರ ಮೇಲೆ ಎಂಟು ಹತ್ತು ಎಲೆ ಇರಲಿ. ಮೊದಲ ವರ್ಷ ಇಡೀ ಬಳ್ಳಿಗೆ ಹದಿನೈದು ಗೊಂಚಲು ಸಾಕು.

ಸಂಕ್ರಾಂತಿ ಹೊತ್ತಿಗೆ ಕಾಯಿ ಮೆತ್ತಗಾಗಿ ಹೊಳಪು ಬರುತ್ತದೆ. ನೀರು ಇಳಿಯಿತು ಅನ್ನುತ್ತಾರೆ. ಆಗ ಗಿಳಿ, ಗೊರವಂಕ ಎಲ್ಲಾ ನಿಮ್ಮ ಮನೆ ನೆಂಟರೇ. ಹಳೇ ಸೀರೆ ಸುತ್ತಿ ಕಟ್ಟು, ಇಲ್ಲಿ ದೊಡ್ಡ ತೋಟಗಳಿಗೂ ಸೀರೆಯೇ ಮರೆ. ಹಳದಿ ಬಂತು ಅಂತ ಕೊಯ್ಯಬೇಡ. ದ್ರಾಕ್ಷಿ ಮಾವಿನ ಹಾಗೆ ಇಟ್ಟರೆ ಹಣ್ಣಾಗುವುದಿಲ್ಲ, ಬಳ್ಳಿಯಲ್ಲಿ ಎಷ್ಟು ಸಿಹಿಯೋ ಅಷ್ಟೇ. ಗೊಂಚಲಿನ ಕೆಳತುದಿಯ ಕಾಳು ಕಡೆಗೆ ಹಣ್ಣಾಗುತ್ತದೆ. ಅದನ್ನೇ ಕಿತ್ತು ರುಚಿ ನೋಡು. ಅದು ಸಿಹಿ ಆದರೆ ಗೊಂಚಲೆಲ್ಲ ಸಿಹಿ. ಮಿಕ್ಕರೆ ಮಾಳಿಗೆ ಮೇಲೆ ಒಣಗಿಸು, ಮಣುಕ ಕಂದು ಬಣ್ಣಕ್ಕೆ ಬರುತ್ತದೆ. ಪೇಟೆಯ ಚಿನ್ನದ ಬಣ್ಣ ಒಣಗಿಸುವ ಮೊದಲು ಅದ್ದುವ ಎಣ್ಣೆ, ಗಂಧಕದ ಹೊಗೆಯದು, ಅದರ ಆಸೆ ಬೇಡ.

ಮುಂದಿನ ಗುರುವಾರ ನಿಮ್ಮ ದೊಡ್ಡಪ್ಪ ಅಲ್ಲಿಗೆ ಬರುತ್ತಾರೆ. ಅವರ ಕೈಯಲ್ಲಿ ನನ್ನ ಹಳೇ ಚಾಟ್ನಿ ಕತ್ತರಿ ಕಳಿಸುತ್ತೇನೆ. ಈಗಷ್ಟೇ ಸಾಣೆ ಹಿಡಿಸಿದ್ದೇನೆ. ಬಳಸುವ ಮೊದಲು, ಆಮೇಲೆ ಸ್ಪಿರಿಟಿನಲ್ಲಿ ಒರೆಸು. ಅದರಿಂದ ಹಾಲಿನ ಪಾಕೀಟು ಕತ್ತರಿಸಿದ್ದು ಗೊತ್ತಾದರೆ ಮಾತ್ರ ನಿನ್ನನ್ನು ಬಿಡುವುದಿಲ್ಲ.

ನಿನ್ನ ದೊಡ್ಡವ್ವ