ಒಂದು ‘ಓಕೆ’ ಒತ್ತಿದ್ದಕ್ಕೆ ಮೂರು ದಿನ ಹೋಯಿತು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಅಂಕಣದಲ್ಲಿ ‘ಸಾಫ್ಟ್‌ವೇರ್‌ಗಳನ್ನು ತಪ್ಪದೆ ಅಪ್‌ಡೇಟ್ ಮಾಡಿಕೊಳ್ಳಿ’ ಎಂಬ ಸಲಹೆ ಆಗಾಗ ಬರುತ್ತದೆ. ಬ್ರೌಸರ್‌ಗೋ ಬ್ಯಾಂಕಿನ ಆ್ಯಪ್‌ಗೋ ಅದು ಸರಿಯಾದ ಮಾತೇ. ಅರ್ಧ ಮುಗಿದ ಕೆಲಸವನ್ನು ಹೊಟ್ಟೆಯಲ್ಲಿಟ್ಟುಕೊಂಡ ಸಾಫ್ಟ್‌ವೇರಿನ ಲೆಕ್ಕವೇ ಬೇರೆ. ಹದಿನಾಲ್ಕು ವರ್ಷದಿಂದ ವಿಡಿಯೊ ಎಡಿಟಿಂಗ್ ಮಾಡಿಕೊಂಡು ಬದುಕುತ್ತಿರುವವಳು ನಾನು. ಇಷ್ಟು ವರ್ಷವಾದ ಮೇಲೂ ಹೋದ ವಾರ ಬೇಸ್ತು ಬಿದ್ದೆ.

ನಿವೃತ್ತ ಮೇಷ್ಟ್ರೊಬ್ಬರ ಬಗ್ಗೆ ಅವರ ಮಕ್ಕಳು ಸೇರಿ 40 ನಿಮಿಷದ ಒಂದು ಚಿತ್ರ ಮಾಡಿಸುತ್ತಿದ್ದಾರೆ. ಮುಕ್ಕಾಲು ಪಾಲು ಎಡಿಟ್ ಮುಗಿದಿತ್ತು. ಗುರುವಾರ ರಾತ್ರಿ ಸಾಫ್ಟ್‌ವೇರ್ ತೆರೆದರೆ ಹೊಸ ಆವೃತ್ತಿ ಬಂದಿದೆ ಎಂದಿತು. ಹಾಕಿಕೊಂಡೆ. ಪ್ರಾಜೆಕ್ಟ್, ಅಂದರೆ ಎಡಿಟ್ ಮಾಡಿದ್ದೆಲ್ಲ ದಾಖಲಾಗಿರುವ ಫೈಲ್, ತೆರೆಯುವಾಗ ಒಂದು ಪುಟ್ಟ ಬಾಕ್ಸ್ ಬಂತು: ಇದು ಹಳೆಯ ಆವೃತ್ತಿಯಲ್ಲಿ ಮಾಡಿದ್ದು, ಹೊಸದಕ್ಕೆ ಬದಲಾಯಿಸಬೇಕು, ಓಕೆ? ನಿದ್ದೆಗಣ್ಣಿನಲ್ಲಿ ಓಕೆ ಒತ್ತಿದೆ. ಅದೇ ಹೆಸರಿನಲ್ಲಿ ಸೇವ್ ಕೂಡ ಮಾಡಿದೆ. ಇದು ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ.

ಮೊದಲು ಕಣ್ಣಿಗೆ ಬಿದ್ದದ್ದು ಟೈಟಲ್. ‘ನಮ್ಮಪ್ಪ ಮೇಷ್ಟ್ರು’ ಎಂದು ಇದ್ದದ್ದು ‘ನಮ್‌ಮಪ್‌ಪ ಮೇಷ್‌ಟ್‌ರು’ ಆಗಿ ಕೂತಿತ್ತು. ಒತ್ತಕ್ಷರಗಳೆಲ್ಲ ಕಳಚಿಕೊಂಡು ಸಾಲಾಗಿ ನಿಂತಿದ್ದವು. ಕನ್ನಡ ಅಕ್ಷರ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣಬೇಕಾದರೆ ಫಾಂಟ್ ಒಂದಿದ್ದರೆ ಸಾಲದು. ಯಾವ ವ್ಯಂಜನ ಯಾವುದರ ಕೆಳಗೆ ಹೋಗಬೇಕು ಎಂದು ಜೋಡಿಸುವ ಕೆಲಸವನ್ನು ಸಾಫ್ಟ್‌ವೇರ್ ಮಾಡಬೇಕು. ನನ್ನ ಸಾಫ್ಟ್‌ವೇರಿನಲ್ಲಿ ಅದಕ್ಕೊಂದು ಸೆಟ್ಟಿಂಗ್ ಇದೆ, ದಕ್ಷಿಣ ಏಷ್ಯಾದ ಲಿಪಿಗಳಿಗೆಂದು. ವರ್ಷಗಳ ಹಿಂದೆ ಒಮ್ಮೆ ಆನ್ ಮಾಡಿ ಮರೆತೇಬಿಟ್ಟಿದ್ದೆ. ಹೊಸ ಆವೃತ್ತಿ ಎಲ್ಲ ಸೆಟ್ಟಿಂಗ್‌ಗಳನ್ನೂ ಮೊದಲಿನ ಸ್ಥಿತಿಗೆ ತಂದಿಟ್ಟಿತ್ತು. ಹುಡುಕಿ ಆನ್ ಮಾಡಿದೆ. ಆದರೂ ಹಳೆಯ ಟೈಟಲ್‌ಗಳು ಸರಿಯಾಗಲಿಲ್ಲ, ಹೊಸದಾಗಿ ಟೈಪ್ ಮಾಡಿದರೆ ಮಾತ್ರ ಸರಿ. 63 ಟೈಟಲ್ ಇದ್ದವು. ಒಂಬತ್ತು ಟೈಪ್ ಮಾಡಿ ಕೈಬಿಟ್ಟೆ.

ಆಮೇಲೆ ಹೆಡ್‌ಫೋನ್ ಹಾಕಿಕೊಂಡೆ. ಮೇಷ್ಟ್ರು ಮಾತಾಡುವಾಗ ಹಿಂದೆ ಫ್ಯಾನಿನ ಗುಂಯ್ ಶಬ್ದ. ಅದನ್ನು ತೆಗೆಯಲು ಒಂದು ಪ್ಲಗಿನ್ (ಸಾಫ್ಟ್‌ವೇರಿಗೆ ಹೊರಗಿನಿಂದ ಸೇರಿಸಿಕೊಳ್ಳುವ ಪುಟ್ಟ ಸಲಕರಣೆ) ಹಾಕಿದ್ದೆ. ಹೊಸ ಆವೃತ್ತಿ ಆ ಪ್ಲಗಿನ್ ಅನ್ನು ಗುರುತೇ ಹಿಡಿಯಲಿಲ್ಲ. ಮೇಷ್ಟ್ರ ಹಳೆಯ ವಿಡಿಯೊ ತುಣುಕುಗಳಿದ್ದ ಜಾಗದಲ್ಲಿ ಕೆಂಪು ಪರದೆ, ಮೀಡಿಯಾ ಆಫ್‌ಲೈನ್ ಎಂಬ ಬರಹ. ಫೈಲ್‌ಗಳು ಡಿಸ್ಕಿನಲ್ಲಿ ಇದ್ದಲ್ಲೇ ಇದ್ದವು. ಅವುಗಳ ಹಳೇ ಫಾರ್ಮ್ಯಾಟ್ ಓದುವುದನ್ನು ಹೊಸ ಆವೃತ್ತಿ ನಿಲ್ಲಿಸಿಬಿಟ್ಟಿತ್ತು, ಅಷ್ಟೇ. ಕ್ಲಿಪ್ ಕತ್ತರಿಸಲು ಬೆರಳು ತಾನಾಗಿಯೇ ಹೋಗುವ ಕೀ ಒತ್ತಿದರೆ ಇನ್ಯಾವುದೋ ಕಿಟಕಿ ತೆರೆಯುತ್ತಿತ್ತು. ಹದಿನಾಲ್ಕು ವರ್ಷ ಬೆರಳಿಗೆ ಕಲಿಸಿದ ಪಾಠ ಅದು. ಇದೊಂದು ಸಣ್ಣ ವಿಷಯ ಅನ್ನಿಸಬಹುದು. ದಿನಕ್ಕೆ ಸಾವಿರ ಸಲ ಒತ್ತುವವರನ್ನು ಕೇಳಿ ನೋಡಿ.

ಕಂಪನಿಯ ಸಹಾಯವಾಣಿಗೆ ಬರೆದೆ. ಕ್ಯಾಶ್ (ತಾತ್ಕಾಲಿಕ ಫೈಲ್‌ಗಳು) ಖಾಲಿ ಮಾಡಿ, ಪ್ರಿಫರೆನ್ಸ್ (ಸೆಟ್ಟಿಂಗ್‌ಗಳು) ರೀಸೆಟ್ ಮಾಡಿ, ರೀಸ್ಟಾರ್ಟ್ ಮಾಡಿ ಎಂಬ ಉತ್ತರ ಬಂತು. ಹಾಗೇ ಮಾಡಿದೆ. ಆಗ ತಾನೇ ಹುಡುಕಿ ಆನ್ ಮಾಡಿದ್ದ ಕನ್ನಡದ ಸೆಟ್ಟಿಂಗ್ ಕೂಡ ಅದರ ಜೊತೆ ಹೋಯಿತು!

ಸರಿ, ಹಳೆಯದಕ್ಕೇ ಹೋಗೋಣ ಅಂದುಕೊಂಡೆ. ಅಸಲಿ ಪೇಚು ಇರುವುದು ಇಲ್ಲೇ. ಹೊಸ ಆವೃತ್ತಿಯಲ್ಲಿ ಸೇವ್ ಆದ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯುವುದಿಲ್ಲ. ಎಡಿಟ್‌ನ ವಿವರಗಳನ್ನು ಬರಹದ ರೂಪದಲ್ಲಿ ಇಡುವ ಎಕ್ಸ್‌ಎಂಎಲ್ ಫೈಲ್ ಮಾಡಿ ಸಾಗಿಸುವ ಒಂದು ಅಡ್ಡದಾರಿ ಇದೆ. ಕತ್ತರಿಸಿದ ಜಾಗಗಳು ಬರುತ್ತವೆ, ಎಫೆಕ್ಟ್, ಟೈಟಲ್, ಬಣ್ಣದ ಕೆಲಸ ಹೆಚ್ಚಿನದು ದಾರಿಯಲ್ಲೇ ಉದುರಿಹೋಗುತ್ತದೆ. ನನ್ನ ಜೊತೆ ಧ್ವನಿ ಕೆಲಸ ಮಾಡುವ ಗೆಳತಿ ಇನ್ನೂ ಹಳೆಯ ಆವೃತ್ತಿಯಲ್ಲೇ ಇದ್ದಾಳೆ. ಶುಕ್ರವಾರ ಅವಳಿಗೆ ಪ್ರಾಜೆಕ್ಟ್ ಕಳಿಸಿದೆ. ‘ತೆರೀತಿಲ್ಲ ಕಣೇ’ ಅಂದಳು. ಅವಳೂ ಅಪ್‌ಗ್ರೇಡ್ ಮಾಡೋಣವೆಂದರೆ ಅವಳ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿಗೆ ಹೊಸ ಆವೃತ್ತಿ ಒಗ್ಗುವುದಿಲ್ಲ.

ಕೊನೆಗೆ ಕಾಪಾಡಿದ್ದು ಆಟೋ ಸೇವ್ ಫೋಲ್ಡರ್. ಬುಧವಾರ ಸಂಜೆ 6.40ರ ಒಂದು ಪ್ರತಿ ಅಲ್ಲಿ ಉಳಿದಿತ್ತು. ಹಳೆಯ ಆವೃತ್ತಿಯನ್ನು ಮತ್ತೆ ಹಾಕಿ ಅದನ್ನು ತೆರೆದೆ. ಆಮೇಲೆ ಮಾಡಿದ ಕೆಲಸವೆಲ್ಲ ಹೋಯಿತು. ಹುಡುಕಾಟ, ಮರುಕೆಲಸ ಎಲ್ಲ ಸೇರಿ ಮೂರು ದಿನ.

ಈ ಗೋಳು ನನ್ನೊಬ್ಬಳದಲ್ಲ, ಹೊಸದೂ ಅಲ್ಲ. 2011ರ ಜೂನ್‌ನಲ್ಲಿ ಆಪಲ್ ಕಂಪನಿ ಫೈನಲ್ ಕಟ್ ಪ್ರೊ ಎಕ್ಸ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಬಿಡುಗಡೆ ಮಾಡಿದಾಗ, ಅದರ ಹಿಂದಿನ ಆವೃತ್ತಿಯಲ್ಲಿ ಮಾಡಿದ ಪ್ರಾಜೆಕ್ಟ್‌ಗಳು ಅದರಲ್ಲಿ ತೆರೆಯುತ್ತಲೇ ಇರಲಿಲ್ಲ. ಹಲವು ಕ್ಯಾಮೆರಾಗಳ ದೃಶ್ಯವನ್ನು ಒಟ್ಟಿಗೆ ಇಟ್ಟು ಎಡಿಟ್ ಮಾಡುವ ಮಲ್ಟಿಕ್ಯಾಮ್ ಸೌಲಭ್ಯವೂ ಮಾಯವಾಗಿತ್ತು. ಅದು ವಾಪಸ್ ಬಂದದ್ದು 2012ರ ಜನವರಿಯಲ್ಲಿ. ಎಡಿಟರ್‌ಗಳು ಎಷ್ಟು ಗಲಾಟೆ ಮಾಡಿದರೆಂದರೆ, ನಿಲ್ಲಿಸಿದ್ದ ಹಳೆಯ ಆವೃತ್ತಿಯನ್ನು ಕಂಪನಿ ಮತ್ತೆ ಕೆಲವು ಕಾಲ ಮಾರಿತು. ಕೂಗಿದರೆ ಕೇಳುತ್ತಾರೆ ಅಂತ ಆಯ್ತಲ್ವಾ?

ಹೊಸದೇ ಬೇಡ ಎನ್ನುವವಳಲ್ಲ ನಾನು. ಈಗಿನ ಫೋನುಗಳಲ್ಲಿ ತೆಗೆದ ವಿಡಿಯೊ ಹಳೆಯ ಆವೃತ್ತಿಯಲ್ಲಿ ತಡವರಿಸುತ್ತದೆ, ಹೊಸದರಲ್ಲಿ ಸಲೀಸಾಗಿ ಓಡುತ್ತದೆ. ನಾನು ಕೇಳುವುದು ಇಷ್ಟೇ. ಆ ಪುಟ್ಟ ಬಾಕ್ಸಿನಲ್ಲಿ ನೇರವಾಗಿ ಬರೆಯಲಿ: ಇದನ್ನು ಸೇವ್ ಮಾಡಿದ ಮೇಲೆ ಹಳೆಯದರಲ್ಲಿ ತೆರೆಯಲಾಗದು, ನಿಮ್ಮ ಇಂಥಿಂಥ ಪ್ಲಗಿನ್ ಕೆಲಸ ಮಾಡದು, ಇಷ್ಟು ಕ್ಲಿಪ್ ಕಾಣದು. ಪ್ರಾಜೆಕ್ಟ್ ತೆರೆಯುವ ಹೊತ್ತಿಗೆ ಇದೆಲ್ಲ ಸಾಫ್ಟ್‌ವೇರಿಗೆ ಗೊತ್ತಿರುತ್ತದೆ. ತೆರೆದಾದ ಮೇಲೆ ಹೇಳುವ ಬದಲು ಮೊದಲೇ ಹೇಳಲು ಏನು ಕಷ್ಟ? ಹಳೆಯ ಆವೃತ್ತಿಗೆ ಸೇವ್ ಮಾಡುವ ಆಯ್ಕೆಯನ್ನೂ ಕೊಡಲಿ. ಬರವಣಿಗೆಯ ಸಾಫ್ಟ್‌ವೇರ್‌ಗಳು ಎಷ್ಟೋ ವರ್ಷದಿಂದ ಕೊಡುತ್ತಿವೆ.

ನಿಮ್ಮ ಅಂಕಣಕಾರರಲ್ಲೂ ಒಂದು ಕೋರಿಕೆ. ಮುಂದಿನ ಸಲ ‘ಅಪ್‌ಡೇಟ್ ಮಾಡಿಕೊಳ್ಳಿ’ ಎಂದು ಬರೆಯುವಾಗ ‘ಕೈಯಲ್ಲಿರುವ ಕೆಲಸ ಮುಗಿದ ಮೇಲೆ, ಪ್ರಾಜೆಕ್ಟಿನ ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟು’ ಎಂಬ ಅರ್ಧ ಸಾಲು ಸೇರಿಸಿ.

ಇದನ್ನು ಬರೆಯುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ‘ಹೊಸ ಆವೃತ್ತಿ ಬಂದಿದೆ’ ಎನ್ನುವ ಕೆಂಪು ಚುಕ್ಕೆ ಮತ್ತೆ ಬಂದು ಕೂತಿದೆ. ಮೇಷ್ಟ್ರ ಚಿತ್ರ ಅವರ ಮಕ್ಕಳ ಕೈ ಸೇರುವ ತನಕ ಅದನ್ನು ನಾನು ಮುಟ್ಟುವುದಿಲ್ಲ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ವಿಡಿಯೊ ಎಡಿಟರ್