ರೇನ್‌ಕೋಟ್ ಒಳಗಿನ ಲೈಟ್

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ರಾತ್ರಿ ಏಳೂವರೆ ಹೊತ್ತಿಗೆ ಅಂಕೋಲಾದಿಂದ ಕುಮಟಾಕ್ಕೆ ಕಾರಲ್ಲಿ ಬರ್ತಿದ್ದೆ, ಹಿರೇಗುತ್ತಿ ದಾಟಿತ್ತು ಮಿರ್ಜಾನ ಇನ್ನೂ ಬಂದಿರ್ಲಿಲ್ಲ, ವೈಪರ್ ಎಷ್ಟು ಜೋರಾಗಿ ಓಡಿದ್ರೂ ಸಾಲದಂಥ ಮಳೆ, ಇದ್ದಕ್ಕಿದ್ದಂಗೆ ಬಂಪರ್ ಮುಂದೇ ಒಂದು ಸೈಕಲ್! ಹೇಗೋ ಬಲಕ್ಕೆ ಎಳ್ಕೊಂಡೆ. ನಿಲ್ಲಿಸಿ ಇಳಿದು, ಲೈಟ್ ಹಾಕ್ಕೊಳ್ಳೋಕೆ ಏನು ಅಂತ ಸ್ವಲ್ಪ ಜೋರಾಗೇ ಕೇಳ್ದೆ. "ಲೈಟ್ ಇದ್ಯಲಾ ತಮಾ" ಅಂದ್ರು ಅಜ್ಜ. ರೇನ್‌ಕೋಟ್ ಎತ್ತಿ ನೋಡಿದ್ರೆ ಹೌದು, ಸೀಟಿನ ಕೆಳಗೆ ಕೆಂಪು ಎಲ್‌ಇಡಿ ಪಾಪ ಮಿಣಮಿಣ ಅಂತಿದೆ, ಅದರ ಹಿಂದೆ ಕ್ಯಾರಿಯರ್ ಮೇಲೆ ಅಕ್ಕಿ ಚೀಲ. ಯಾರಿಗೆ ಕಾಣ್ಬೇಕು ಅದು?

ಈ ಲೈಟುಗಳ ಕ್ಲಾಂಪೇ ಸೀಟಿನ ಪೈಪಿಗೆ ಅಂತ ಬರೋದು, ಕ್ಯಾರಿಯರ್ ಇಲ್ಲದ ಗೇರ್ ಸೈಕಲ್ಲಿಗೆ ಅದು ಸರಿ. ನಮ್ಮೂರ ಸೈಕಲ್ಲಲ್ಲಿ ಹಿಂದೆ ಚೀಲವೋ ಹುಲ್ಲಿನ ಹೊರೆಯೋ ಇದ್ದೇ ಇರ್ತದೆ. ಕ್ಯಾರಿಯರಿನ ಹಿಂದಿನ ತುದಿಗೆ ಇಲ್ಲಾ ಮಡ್‌ಗಾರ್ಡಿಗೆ ಕೂರಿಸ್ಬೇಕು, ಹಳೇ ಟ್ಯೂಬಿನ ತುಂಡಲ್ಲಿ ಕಟ್ಟಿದ್ರೂ ನಡೀತದೆ.

ರಿಫ್ಲೆಕ್ಟರ್ ಇದ್ಯಲ್ಲ ಸಾಕು ಅಂತಾರೆ ಕೆಲವರು. ಅದಕ್ಕೆ ಸ್ವಂತ ಬೆಳಕಿಲ್ಲ, ನಮ್ಮ ಹೆಡ್‌ಲೈಟ್ ತಾಗಿದ್ರೆ ಮಾತ್ರ ಹೊಳೀತದೆ, ಮಳೆಗಾಲದಲ್ಲಿ ಕೆಸರು ಮೆತ್ತಿದ್ರೆ ಅದೂ ಇಲ್ಲ. ಗಂಟೆಗೆ 60 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ ಹತ್ರ ಹತ್ರ 17 ಮೀಟರ್, ಕಂಡು ಬ್ರೇಕ್ ಮೇಲೆ ಕಾಲಿಡೋದ್ರೊಳಗೇ ಕಾರು ಎಷ್ಟೋ ಮುಂದೆ ಹೋಗಿರ್ತದೆ, ಆಮೇಲೆ ಒದ್ದೆ ರಸ್ತೆಲಿ ನಿಲ್ಬೇಕು. ಸ್ವಂತ ಲೈಟಾದ್ರೆ ಹೆಡ್‌ಲೈಟ್ ಮುಟ್ಟೋಕೆ ಎಷ್ಟೋ ಮೊದ್ಲೇ ಕಾಣ್ತದೆ. ಹಾಗಂತ ರಿಫ್ಲೆಕ್ಟರ್ ಕಿತ್ತು ಬಿಸಾಕ್ಬೇಡಿ, ಪೆಡಲ್ಲಿಂದು ಬಹಳ ಒಳ್ಳೇದು, ಮೇಲೆ ಕೆಳಗೆ ಆಡೋದು ನೋಡಿದ ಕೂಡ್ಲೇ ಯಾರೋ ಸೈಕಲ್ ತುಳೀತಿದಾರೆ ಅಂತ ಗೊತ್ತಾಗ್ತದೆ. ಬರೀ ಮಿಣುಕೋ ಲೈಟ್ ಕಣ್ಣಿಗೆ ಬೀಳ್ತದೆ ಆದ್ರೆ ಎಷ್ಟು ದೂರ ಇದೆ ಅಂತ ಅಂದಾಜು ಸಿಗೋದು ಕಷ್ಟ, ಸ್ಟೆಡಿ ಇಟ್ಕೊಳ್ಳೋದು ವಾಸಿ ಅಂತ ನನ್ನ ಲೆಕ್ಕ.

ಇನ್ನು ನಮ್ಮ ಕಡೆ ಉಪ್ಪು ಗಾಳಿ. ಸೆಲ್ ಕೂರೋ ಜಾಗಕ್ಕೆ ತುಕ್ಕು ಹಿಡಿದು ನಂದೇ ಒಂದು ಲೈಟ್ ಒಂದು ಮಳೆಗಾಲಕ್ಕೇ ಸತ್ತಿತ್ತು, ಈಗ ಒಂಚೂರು ವ್ಯಾಸಲಿನ್ ಸವರಿ ಇಡ್ತೇನೆ. ನಮ್ಮಪ್ಪನ ಕಾಲದ ಡೈನಮೋಗೆ ಸೆಲ್ ಕಾಟ ಇರ್ಲಿಲ್ಲ, ಆದ್ರೆ ಸೈಕಲ್ ನಿಂತ್ರೆ ಬೆಳಕೂ ಹೋಗ್ತಿತ್ತು.

ಕಾರಿನವರೂ ಮಳೇಲಿ ಸ್ವಲ್ಪ ನಿಧಾನ ಹೋಗ್ಬೇಕು, ನಾನೂ ಸೇರಿ. ಸೈಕಲ್ ಅಂಗಡಿಯವರಲ್ಲಿ ಒಂದೇ ವಿನಂತಿ: ಲೈಟ್ ಮಾರುವಾಗ ಡಬ್ಬಿ ಕೈಗೆ ಕೊಟ್ಟು ಕಳಿಸ್ಬೇಡಿ, ಕ್ಯಾರಿಯರಿನ ತುದಿಗೆ ನೀವೇ ಕೂರಿಸಿ ಕೊಡಿ.

ಇತಿ,
ಒಬ್ಬ ಓದುಗ, ಕುಮಟಾ